ಚಳಿಗೆ ಬೆರಳು ಬಿಳಿಚುವುದೇಕೆ?

ಚಳಿಗಾಲದ ಮುಂಜಾನೆ ತಣ್ಣೀರಿನಲ್ಲಿ ಪಾತ್ರೆ ತೊಳೆದಾಗ ಬೆರಳುಗಳು ಬಿಳಿಚಿಕೊಂಡು ಜೋಮು ಹಿಡಿಯುವುದುಂಟು. ಬೆಚ್ಚಗಿಟ್ಟರೆ ಮತ್ತೆ ಕೆಂಪೇರುತ್ತವೆ. ಇದಕ್ಕೆ ಕಾರಣ ರಕ್ತನಾಳದ ಗೋಡೆಯಲ್ಲಿರುವ ನಯಸ್ನಾಯು. ಇದು ನಮ್ಮ ಇಚ್ಛೆಗೆ ಒಳಪಟ್ಟಿಲ್ಲ. ಕರುಳು, ಮೂತ್ರಕೋಶ, ಗರ್ಭಕೋಶಗಳಲ್ಲೂ ಇಂಥದೇ ಸ್ನಾಯು ಇದೆ.

ಈ ಸ್ನಾಯುವಿನ ಜೀವಕೋಶಗಳ ಪೊರೆಯಲ್ಲಿ ಅತಿ ಸೂಕ್ಷ್ಮವಾದ ಬಾಗಿಲುಗಳಿವೆ. ಇವೇ ಅಯಾನು ನಾಲೆಗಳು. ಕ್ಯಾಲ್ಸಿಯಂ ನಾಲೆ ತೆರೆದರೆ ವಿದ್ಯುದಂಶವುಳ್ಳ ಕ್ಯಾಲ್ಸಿಯಂ ಕಣಗಳು ಒಳಗೆ ಬಂದು ಸ್ನಾಯು ಬಿಗಿಯುತ್ತದೆ. ಪೊಟ್ಯಾಸಿಯಂ ನಾಲೆ ತೆರೆದರೆ ಪೊಟ್ಯಾಸಿಯಂ ಹೊರಹೋಗಿ ಸ್ನಾಯು ಸಡಿಲಗೊಳ್ಳುತ್ತದೆ. ಕಣಗಳ ಈ ಹರಿವೇ ಒಂದು ಕ್ಷೀಣ ವಿದ್ಯುತ್ ಪ್ರವಾಹ. ಜರ್ಮನಿಯ ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್‌ಮನ್ 1976ರಲ್ಲಿ ಒಂದೊಂದೇ ನಾಲೆಯ ಪ್ರವಾಹವನ್ನು ಅಳೆದು ತೋರಿಸಿದರು. 1991ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು.

ಉಷ್ಣತೆ ಇಳಿದಂತೆ ಈ ಬಾಗಿಲುಗಳು ತೆರೆದು ಮುಚ್ಚುವ ವೇಗ ತಗ್ಗುತ್ತದೆ. 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಕ್ಯಾಲ್ಸಿಯಂ ಪ್ರವಾಹ ಸುಮಾರು ಅರ್ಧದಷ್ಟಕ್ಕೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಗೆ ಕುಗ್ಗುತ್ತದೆ. ಆದ್ದರಿಂದಲೇ 20-25 ಡಿಗ್ರಿಯ ಪ್ರಯೋಗಾಲಯದಲ್ಲಿ ದೊರೆತ ಅಂಕಿಯನ್ನು 37 ಡಿಗ್ರಿಯ ದೇಹಕ್ಕೆ ಹಾಗೆಯೇ ಅನ್ವಯಿಸಲಾಗದು.

ಹಾಗಾದರೆ ಚಳಿಗೆ ರಕ್ತನಾಳ ಸಡಿಲವಾಗಬೇಕಿತ್ತಲ್ಲವೇ? ಚರ್ಮದ ನಾಳಗಳ ಮೇಲೆ ನರಗಳ ಹಿಡಿತವೂ ಇದೆ. ಚಳಿ ತಾಗಿದೊಡನೆ ನರಗಳು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಸ್ರವಿಸುತ್ತವೆ. ಅದನ್ನು ಗುರುತಿಸುವ ಗ್ರಾಹಕಗಳು ಜೀವಕೋಶದ ಒಳಗಿನಿಂದ ಪೊರೆಗೆ ಬರುತ್ತವೆ. ಇರುವಷ್ಟು ಕ್ಯಾಲ್ಸಿಯಂಗೇ ಸ್ನಾಯು ಹೆಚ್ಚು ಸ್ಪಂದಿಸುತ್ತದೆ. ಹೀಗೆ ನಾಳ ಬಿಗಿದು ದೇಹದ ಶಾಖ ಉಳಿಯುತ್ತದೆ. ಜೊತೆಗೆ ರಕ್ತದೊತ್ತಡವೂ ಏರುತ್ತದೆ. ರಕ್ತದೊತ್ತಡ, ಹೃದ್ರೋಗವುಳ್ಳ ಹಿರಿಯರು ಚಳಿಯಲ್ಲಿ ನಸುಕಿಗೇ ವಾಯುವಿಹಾರಕ್ಕೆ ಹೊರಡದೆ, ಬಿಸಿಲೇರಿದ ಮೇಲೆ ಕಿವಿ, ಕೈಗಳನ್ನು ಬೆಚ್ಚಗೆ ಹೊದ್ದು ಹೋಗುವುದು ಒಳಿತು.

ಕೆಲವರಲ್ಲಿ ಈ ಬಿಗಿತ ಅತಿಯಾಗಿ ಬೆರಳು ಬಿಳಿ, ನೀಲಿ, ಕೆಂಪು ಬಣ್ಣಕ್ಕೆ ತಿರುಗುತ್ತದೆ. ಫ್ರಾನ್ಸಿನ ವೈದ್ಯ ಮಾರಿಸ್ ರೇನೋ 1862ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಅವರದೇ ಹೆಸರಿದೆ. ಕ್ಯಾಲ್ಸಿಯಂ ನಾಲೆಯನ್ನು ತಡೆಯುವ ನಿಫೆಡಿಪಿನ್ ಇದಕ್ಕೆ ಬಳಸುವ ಔಷಧಿ. ಆದರೆ ವೈದ್ಯರು ಹೇಳದೆ ಸೇವಿಸಬಾರದು.

ಜೋಮು ಹಿಡಿದ ಬೆರಳನ್ನು ಕುದಿನೀರಿಗಾಗಲಿ ಒಲೆಯ ಬಳಿಗಾಗಲಿ ಒಡ್ಡಬೇಡಿ. ಸ್ಪರ್ಶಜ್ಞಾನ ಕುಂದಿರುವುದರಿಂದ ಸುಟ್ಟರೂ ತಿಳಿಯದು. ಸಕ್ಕರೆ ಕಾಯಿಲೆಯವರಿಗಂತೂ ಅಪಾಯ ಹೆಚ್ಚು. ಉಗುರು ಬೆಚ್ಚಗಿನ ನೀರು ಸಾಕು. ಬೀಡಿ, ಸಿಗರೇಟು ನಾಳವನ್ನು ಇನ್ನಷ್ಟು ಬಿಗಿಸುತ್ತವೆ, ಬಿಟ್ಟುಬಿಡಿ. ಬೆರಳ ತುದಿಯಲ್ಲಿ ಹುಣ್ಣಾದರೆ ಅಥವಾ ಒಂದೇ ಕೈಯಲ್ಲಿ ಈ ತೊಂದರೆ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ.