‘ಸೈಡ್’ ಎಂಬ ಅಂತ್ಯಪ್ರತ್ಯಯದ ವಿಚಾರ

ಬೆಳಗಾವಿಯ ಅಂಗಡಿಗಳಿಂದ ಬೆಳೆಯ ಔಷಧಿಯನ್ನು ತರುವ ಗೌಡರೂ ಜಮೀನುದಾರರೂ ಡಬ್ಬಿಯ ಮೇಲಣ ಹೆಸರಿನ ಕೊನೆಯಲ್ಲಿ ‘ಸೈಡ್’ ಎಂಬುದನ್ನು ಕಂಡಿರಬಹುದು. ಕಡಿ, ಕೊಲ್ಲು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿ, ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷನ್ನು ಸೇರಿದ ಪ್ರತ್ಯಯವಿದು. ಕೋರ್ಟಿನ ಕಾಗದಗಳಲ್ಲಿ ಬರುವ ‘ಹೋಮಿಸೈಡ್’ ಎಂದರೆ ನರಹತ್ಯೆ. ಅಲ್ಲಿ ಅದು ಕೊಲೆಯನ್ನು ಸೂಚಿಸುತ್ತದೆ. ಔಷಧಿಯ ಹೆಸರಿನಲ್ಲಿ ಅದೇ ಪ್ರತ್ಯಯವು ಕೊಲ್ಲುವ ವಸ್ತುವನ್ನು ಸೂಚಿಸುತ್ತದೆ. ನಮ್ಮ ‘ಕೃತಘ್ನ’ ಶಬ್ದದೊಳಗಿನ ‘ಘ್ನ’ವು ಇದಕ್ಕೆ ಹತ್ತಿರದ್ದು.

ಏನನ್ನು ಕೊಲ್ಲುವುದೆಂಬುದನ್ನು ಶಬ್ದದ ಮೊದಲ ಭಾಗವು ಹೇಳುತ್ತದೆ. ‘ಇನ್ಸೆಕ್ಟಿಸೈಡ್’ ಕೀಟಕ್ಕೆ, ‘ಫಂಗಿಸೈಡ್’ ಬೂಷ್ಟಿಗೆ, ‘ಹರ್ಬಿಸೈಡ್’ ಇಲ್ಲವೆ ‘ವೀಡಿಸೈಡ್’ ಕಳೆಗೆ. ‘ವೀಡ್’ ಅಚ್ಚ ಇಂಗ್ಲಿಷ್ ಶಬ್ದ. ಅದಕ್ಕೆ ಲ್ಯಾಟಿನ್ ಬಾಲವನ್ನು ಅಂಟಿಸಿದ್ದು ಪಂಡಿತರಿಗೆ ರುಚಿಸದಿದ್ದರೂ ವ್ಯಾಪಾರಕ್ಕೆ ಅಡ್ಡಿಯಾಗಿಲ್ಲ.

ಖಾನಾಪುರ ತಾಲ್ಲೂಕಿನ ಒಂದು ಗದ್ದೆಯಲ್ಲಿ ಭತ್ತದ ಎಲೆಗಳ ಮೇಲೆ ಕಣ್ಣಿನಾಕಾರದ ಚುಕ್ಕೆಗಳೆದ್ದಾಗ ಯಜಮಾನರು ಎರಡು ಸಲ ಇನ್ಸೆಕ್ಟಿಸೈಡನ್ನು ಸಿಂಪಡಿಸಿದ್ದರು. ಅದು ಬೆಂಕಿ ರೋಗ, ಬೂಷ್ಟಿನಿಂದ ಬರತಕ್ಕದ್ದು. ಹುಳುವಿನ ವಿಷಕ್ಕೆ ಜಗ್ಗುವುದಿಲ್ಲ. ನಾನು ಹೋಗಿ ನೋಡುವಷ್ಟರಲ್ಲಿ ತೆನೆಗಳ ಕೊರಳು ಕಪ್ಪಾಗಿ, ಕಾಳು ಜೊಳ್ಳಾಗಿದ್ದವು. ಯಜಮಾನರು ಅಕ್ಷರಸ್ಥರೇ, ಆದರೆ ‘ಸೈಡ್’ ಎಂದಿರುವುದೆಲ್ಲ ಒಂದೇ ಎಂದು ಭಾವಿಸಿದ್ದರು.

ಈ ಭ್ರಾಂತಿಗೆ ಕಾನೂನೂ ಕೊಂಚ ಕಾರಣ. 1968ರ ಕೀಟನಾಶಕ ಕಾಯಿದೆಯು ಬೂಷ್ಟಿನ ಮತ್ತು ಕಳೆಯ ಔಷಧಿಗಳನ್ನೂ ‘ಇನ್ಸೆಕ್ಟಿಸೈಡ್’ ಎಂಬ ಹೆಸರಿನೊಳಗೇ ಸೇರಿಸಿತು. ಆದುದರಿಂದ ಅಂಗಡಿಯ ಪರವಾನೆಯಲ್ಲಿರುವ ಶಬ್ದವನ್ನು ನೆಚ್ಚದೆ, ಡಬ್ಬಿಯ ಮೇಲಿನ ಶಬ್ದದ ಮೊದಲ ಭಾಗವನ್ನು ಓದಿಸಿ ಕೇಳತಕ್ಕದ್ದು. ಅಲ್ಲಿರುವ ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳು ವಿಷದ ತೀಕ್ಷ್ಣತೆಯನ್ನು ಮಾತ್ರ ತಿಳಿಸುತ್ತವೆ. ಕಳೆಯ ಔಷಧಿಗೆ ಬಳಸಿದ ಪಂಪನ್ನು ಬೇರೆಯಾಗಿಯೇ ಇರಿಸತಕ್ಕದ್ದು.