ಕೊಡಚಾದ್ರಿ ಹತ್ತುವ ಮುನ್ನ

ತಮ್ಮಂದಿರೇ, ತಂಗಿಯರೇ, ದಸರಾ ರಜೆಗೆ ಕೊಡಚಾದ್ರಿಗೆ ಹೊರಟಿದ್ದೀರಂತೆ. ಒಳ್ಳೆಯದು. ಜಡಿಮಳೆ ಮುಗಿದಿದೆ, ಕಾಡು ಇನ್ನೂ ಒಣಗಿಲ್ಲ. ಡಿಸೆಂಬರ್ ಕಳೆದರೆ ಉಣುಗುಗಳ ಕಾಟ ಜೋರಾಗುತ್ತದೆ. 1957ರಲ್ಲಿ ಇದೇ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಅವುಗಳಿಂದಲೇ. ಹಾಗಾಗಿ ಹೋಗುವುದಾದರೆ ಈಗಲೇ ಹೋಗಿ. ಆದರೆ ಒಂದು ಮಾತು: ತುದಿಗೆ ಕೊಡುವ ಹೊತ್ತಿಗಿಂತ ಹೆಚ್ಚು ಹೊತ್ತನ್ನು ದಾರಿಗೆ ಕೊಡಿ.

ಜೀಪು ಮೂಲ ಮೂಕಾಂಬಿಕೆಯ ಗುಡಿಯ ಹತ್ತಿರದವರೆಗೂ ಹೋಗುತ್ತದೆ. ಮೈಕೈ ಗಟ್ಟಿಯಿಲ್ಲದವರಿಗೆ, ವಯಸ್ಸಾದವರಿಗೆ ಅದು ಇರಲಿ. ನಿಮಗೆ ಕಾಲಿದೆ. ವಳೂರಿನ ಮೇಲೆ ಹೋಗುವ ಕಾಲುದಾರಿ ಹಿಡಿಯಿರಿ. ಗೊತ್ತಿದ್ದ ಸ್ಥಳೀಯರೊಬ್ಬರು ಜೊತೆಗಿರಲಿ, ಅರಣ್ಯ ಇಲಾಖೆಯ ಪರವಾನಗಿಯನ್ನು ಮೊದಲೇ ವಿಚಾರಿಸಿಕೊಳ್ಳಿ.

ಆ ಕಾಡಿನಲ್ಲಿ ಸ್ಪೀಕರಿನ ಹಾಡು ಬೇಡ. ಸಿಂಗಳೀಕ ನೆಲಕ್ಕಿಳಿಯುವುದು ಅಪರೂಪ, ಗದ್ದಲ ಕೇಳಿದರೆ ಮೇಲಿನಿಂದ ಮೇಲೆಯೇ ದಾಟಿಬಿಡುತ್ತದೆ. ಸುಮ್ಮನೆ ನಿಂತವರಿಗೆ ಮೊದಲು ಕೊಂಬೆ ಅಲ್ಲಾಡಿದ್ದು ಕಾಣುತ್ತದೆ, ಆಮೇಲೆ ಅರ್ಧ ತಿಂದ ಹಣ್ಣು ಕಾಲ ಬಳಿ ಬೀಳುತ್ತದೆ, ಕೊನೆಗೆ ಕಪ್ಪು ಮುಖದ ಸುತ್ತಲಿನ ಬೂದು ಕೇಸರ. ಎಲ್ಲೋ ಯಾರೋ ಗಹಗಹಿಸಿ ನಕ್ಕಂತೆ ಕೇಳಿದರೆ ಹೆದರಬೇಡಿ, ಅದು ಮಂಗಟ್ಟೆ ಹಕ್ಕಿ.

ನಿಂತಾಗ ಕಾಲಿನ ಕಡೆಗೂ ಒಂದು ಕಣ್ಣಿರಲಿ. ಒದ್ದೆ ತರಗೆಲೆಯ ಅಂಚಿನಲ್ಲಿ ಉಂಬಳ ಬಾಲದ ಮೇಲೆ ನೆಟ್ಟಗೆ ನಿಂತು, ಮೂತಿ ಆಡಿಸುತ್ತಾ, ನಿಮ್ಮ ಹೆಜ್ಜೆಯ ಅದುರಿಗೂ ಮೈಯ ಬಿಸಿಗೂ ಕಾಯುತ್ತಿರುತ್ತದೆ. ಕಾಲುಚೀಲಕ್ಕೆ ಹೊಗೆಸೊಪ್ಪು, ಸುಣ್ಣ ಸವರುವುದು ಹಳಬರ ಉಪಾಯ. ಕಚ್ಚಿದರೆ ಉಗುರಿನಿಂದ ಮೆಲ್ಲಗೆ ಎಬ್ಬಿಸಿ ತೆಗೆಯಿರಿ. ರಕ್ತ ಸ್ವಲ್ಪ ಹೊತ್ತು ಸುರಿಯುತ್ತದೆ, ಏಕೆಂದರೆ ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಅಷ್ಟಕ್ಕೇ ಕಿರುಚಾಡಬೇಕಿಲ್ಲ.

ಮೇಲೇರಿದಂತೆ ಕಾಡು ಕಣಿವೆಗಳಿಗೆ ಸರಿದು ಹುಲ್ಲುಗುಡ್ಡ ತೆರೆದುಕೊಳ್ಳುತ್ತದೆ. ಬೋಳು ಗುಡ್ಡವೆಂದು ಕಂಡಲ್ಲೆಲ್ಲ ಅಡ್ಡದಾರಿ ಮಾಡಬೇಡಿ. ಆ ಹುಲ್ಲು, ಕಣಿವೆಯ ಶೋಲಾ ಕಾಡು ಎರಡೂ ಸೇರಿ ಮಳೆನೀರನ್ನು ನೆನೆದ ಹತ್ತಿಯಂತೆ ಹಿಡಿದಿಟ್ಟುಕೊಂಡು ಮೆಲ್ಲಗೆ ಬಿಡುತ್ತವೆ. ಕೊಲ್ಲೂರಿನಲ್ಲಿ ನೀವು ಕಾಲು ತೊಳೆಯುವ ಸೌಪರ್ಣಿಕೆ ಹುಟ್ಟುವುದು ಈ ಬೆಟ್ಟಸಾಲಿನಲ್ಲೇ. ಬೂಟಿನ ಸವೆತದಿಂದ ಹುಲ್ಲು ಹೋದ ಜಾಗದಲ್ಲಿ ಮರುಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ.

ಇನ್ನು ಗಡಿಯಾರದ ವಿಷಯ. ಚಿತ್ತೆ, ಸ್ವಾತಿ ಮಳೆ ಹಗಲೆಲ್ಲ ಸುರಿಯುವ ಮಳೆಯಲ್ಲ. ಬೆಳಿಗ್ಗೆ ಬಿಸಿಲು ಚೆನ್ನಾಗಿರುತ್ತದೆ, ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗು ಮಿಂಚು ಶುರು. 1343 ಮೀಟರ್ ಎತ್ತರದ ಬಯಲು ನೆತ್ತಿಯಲ್ಲಿ ಸರ್ವಜ್ಞ ಪೀಠದ ಕಲ್ಲುಮಂಟಪ ಬಿಟ್ಟರೆ ಆಸರೆಯಿಲ್ಲ. ಸಿಡಿಲಿಗೆ ಅದೂ ಆಸರೆಯಲ್ಲ. ಸೂರ್ಯಾಸ್ತದ ಫೋಟೊಕ್ಕಾಗಿ ಕಾಯುತ್ತಾ ಕೂರಬೇಡಿ. ಸಂಜೆ ಆರಕ್ಕೆ ಹೊತ್ತು ಮುಳುಗುವ ದಿನಗಳಿವು, ಮರದಡಿಯಲ್ಲಿ ಕತ್ತಲು ಅದಕ್ಕೂ ಮೊದಲೇ ಬರುತ್ತದೆ. ದೂರದಲ್ಲಿ ಮೊದಲ ಗುಡುಗು ಕೇಳಿದಾಗ ಪೀಠ ಕಣ್ಣೆದುರಿಗೇ ಇದ್ದರೂ ಸರಿ, ಹಿಂದಿರುಗಿ.

ನಸುಕಿನಲ್ಲೇ ಹೊರಟವರಿಗೆ ಇದಾವುದೂ ಕಷ್ಟವಲ್ಲ. ದಾರಿಯಲ್ಲಿ ಕೂರಲು, ನೋಡಲು, ಬುತ್ತಿ ಬಿಚ್ಚಲು ಹೊತ್ತಿರುತ್ತದೆ, ಮಳೆಗೆ ಮುಂಚೆ ಇಳಿಯಲೂ ಹೊತ್ತಿರುತ್ತದೆ. ತಡವಾಗಿ ಹೊರಟವರು ಓಡಬೇಕಾಗುತ್ತದೆ. ಓಡುವವರಿಗೆ ಬೆಟ್ಟದಲ್ಲಿ ಕಾಣುವುದು ಮುಂದಿನವರ ಬೆನ್ನು ಮಾತ್ರ.