ಅಧ್ಯಯನ ಪಾಠ: ಕಚೇರಿ ಜಾಲದ ವಿಭಜನೆ ಮತ್ತು ಉಸ್ತುವಾರಿ

ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯಲ್ಲಿ ಹೂವು, ತರಕಾರಿ, ದಿನಸಿ, ಉಪಕರಣಗಳಿಗೆ ಬೇರೆ ಬೇರೆ ಭಾಗಗಳಿವೆ. ಆದರೆ ಸರಕು ಬರುವ ರಸ್ತೆ ಎಲ್ಲರಿಗೂ ಸಾಮಾನ್ಯ. ಆ ರಸ್ತೆ ಕಟ್ಟಿದರೆ ಎಲ್ಲ ಭಾಗಗಳ ವ್ಯಾಪಾರವೂ ಒಮ್ಮೆಲೇ ಕುಂಠಿತವಾಗುತ್ತದೆ. ಗ್ರಾಮ ಪಂಚಾಯತಿ ಕಚೇರಿಯ ಗಣಕ ಜಾಲಕ್ಕೂ ಈ ಮಾತು ಅನ್ವಯಿಸುತ್ತದೆ.

ವಿಭಜನೆ: ತೆರಿಗೆ ದಾಖಲೆಯ ಗಣಕ, ಬಾಪೂಜಿ ಸೇವಾ ಕೇಂದ್ರ, ಕಣ್ಗಾವಲು ಕ್ಯಾಮೆರಾ, ಗ್ರಂಥಾಲಯದ ವೈಫೈ ಇವೆಲ್ಲವೂ ಒಂದೇ ಸ್ವಿಚ್‌ಗೆ ಜೋಡಣೆಯಾಗಿರುವುದುಂಟು. ವರ್ಚುವಲ್ ಲ್ಯಾನ್ ಪದ್ಧತಿಯಲ್ಲಿ ಅದೇ ಸ್ವಿಚ್ಚನ್ನು ಹಲವು ಪ್ರತ್ಯೇಕ ಜಾಲಗಳಾಗಿ ವಿಂಗಡಿಸಲಾಗುತ್ತದೆ. 802.1ಕ್ಯು ಮಾನದಂಡದಂತೆ ಪ್ರತಿ ಜಾಲಕ್ಕೂ 1ರಿಂದ 4094ರೊಳಗಿನ ಒಂದು ಸಂಖ್ಯೆ ಇರುತ್ತದೆ. ಎರಡು ಸ್ವಿಚ್‌ಗಳ ನಡುವಣ ಒಂದೇ ತಂತಿಯಲ್ಲಿ, ಅಂದರೆ ಟ್ರಂಕ್‌ನಲ್ಲಿ, ಎಲ್ಲ ಜಾಲಗಳ ದತ್ತಾಂಶವೂ ಈ ಸಂಖ್ಯೆಯ ಗುರುತಿನೊಂದಿಗೆ ಸಾಗುತ್ತದೆ. ಒಂದು ಜಾಲದಿಂದ ಮತ್ತೊಂದಕ್ಕೆ ಹೋಗಲು ರೂಟರ್‌ನ ಅನುಮತಿ ಬೇಕು. ಅನುಮತಿ ನೀಡದಿದ್ದಲ್ಲಿ ವೈಫೈ ಬಳಸುವವರ ಫೋನು ತೆರಿಗೆ ಗಣಕವನ್ನು ತಲುಪಲಾರದು.

ಉಸ್ತುವಾರಿ: ಜ್ಯಾಬಿಕ್ಸ್, ಲಿಬ್ರೆಎನ್‌ಎಂಎಸ್ ಮುಂತಾದ ಮುಕ್ತ ತಂತ್ರಾಂಶಗಳಿಗೆ ಪರವಾನಗಿ ಶುಲ್ಕವಿಲ್ಲ. ಅವು ನಿಗದಿತ ಅವಧಿಗೊಮ್ಮೆ ಪ್ರತಿ ಸಾಧನವನ್ನೂ ವಿಚಾರಿಸಿ ಉತ್ತರವನ್ನು ವೇಳೆಸಹಿತ ದಾಖಲಿಸುತ್ತವೆ. ಇಲ್ಲಿ ಎರಡು ತಪ್ಪುಗಳು ಸಾಮಾನ್ಯ.

1. ಜಾಲಗಳ ನಡುವೆ ವಿಚಾರಣೆಗೂ ಅನುಮತಿ ಇಲ್ಲದಿದ್ದರೆ, ಸುಸ್ಥಿತಿಯ ಸಾಧನವೂ ಸ್ಥಗಿತವೆಂದು ತೋರುತ್ತದೆ. ಎಲ್ಲಕ್ಕೂ ಅನುಮತಿ ಕೊಟ್ಟರೆ ವಿಭಜನೆಯೇ ವ್ಯರ್ಥ. ಆದ್ದರಿಂದ ಉಸ್ತುವಾರಿ ಗಣಕಕ್ಕೆ ಪ್ರತ್ಯೇಕ ಜಾಲ ನೀಡಿ, ಅಲ್ಲಿಂದ ವಿಚಾರಣೆಗೆ ಮಾತ್ರ ಅವಕಾಶ ಕಲ್ಪಿಸುವುದು ಸೂಕ್ತ.

2. ಟ್ರಂಕ್ ಕಡಿದಾಗ ಅದರಾಚೆಯ ಎಲ್ಲ ಸಾಧನಗಳೂ ಕೆಟ್ಟವೆಂಬ ಎಚ್ಚರಿಕೆಗಳು ಬರುತ್ತವೆ. ಯಾವ ಸಾಧನ ಯಾವುದರ ಮೇಲೆ ಅವಲಂಬಿತವೆಂದು ತಂತ್ರಾಂಶದಲ್ಲಿ ಮೊದಲೇ ನಮೂದಿಸಿದ್ದರೆ, ಮೂಲ ದೋಷವೊಂದೇ ಎದ್ದು ಕಾಣುತ್ತದೆ.

ಸದಸ್ಯರು ಗಮನಿಸಬೇಕಾದುದು: ಒಂದು ದಿನದ ಕೂಲಿ ಬಿಟ್ಟು ಬಂದವರು "ಸರ್ವರ್ ಇಲ್ಲ" ಎಂಬ ಉತ್ತರ ಕೇಳಿ ಹಿಂತಿರುಗುತ್ತಾರೆ. ದೋಷ ಕಚೇರಿಯ ಸ್ವಿಚ್‌ನಲ್ಲಿತ್ತೇ, ಹೊರಗಿನ ಸಂಪರ್ಕದಲ್ಲಿತ್ತೇ, ದೂರದ ಸರ್ವರ್‌ನಲ್ಲಿತ್ತೇ ಎಂಬುದು ಆ ಮಾತಿನಿಂದ ತಿಳಿಯದು. ತಿಳಿಯದಿದ್ದರೆ ದುರಸ್ತಿಯ ಹೊಣೆಯನ್ನು ಯಾರ ಮೇಲೂ ಹೊರಿಸಲಾಗದು. ಆದುದರಿಂದ ಸಾಮಾನ್ಯ ಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳುವುದು ಯುಕ್ತ: ಜಾಲದ ನಕ್ಷೆ ಕಚೇರಿಯಲ್ಲಿದೆಯೇ? ಸಾಧನಗಳೊಂದಿಗೆ ಬಂದ ಮೂಲ ಗುಪ್ತಪದಗಳನ್ನು ಬದಲಿಸಲಾಗಿದೆಯೇ? ಕಳೆದ ತಿಂಗಳು ಸೇವೆ ಎಷ್ಟು ಗಂಟೆ, ಯಾವ ಕಾರಣದಿಂದ ನಿಂತಿತ್ತು? ಮೂರನೆಯ ಪ್ರಶ್ನೆಗೆ ದಾಖಲೆಸಹಿತ ಉತ್ತರ ದೊರೆತಾಗಲೇ ಉಸ್ತುವಾರಿ ಸಾರ್ಥಕವೆನಿಸುತ್ತದೆ.